ಬೇಸ್‌ಮೆಂಟಿನ ಸ್ಪೇಸ್ ಗನ್

"ಇಲ್ಲೇ ಇಟ್ಟಿದ್ದೆ ಕಣೇ. ಈ ಕೆಳಗಿನ ಶೆಲ್ಫಲ್ಲೇ," ಅಂದರು ಅಜ್ಜಿ.

ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಚಕ್ಕುಲಿ ಹಿಟ್ಟು ಕಲಸಿ ಆಗಿತ್ತು. ಅಡುಗೆಮನೆಯ ಪಾತ್ರೆಗಳೆಲ್ಲ ನೆಲಕ್ಕಿಳಿದು ಕೂತಿದ್ದವು. ಸಿಗದೇ ಇದ್ದದ್ದು ಒಂದೇ, ಅಜ್ಜಿಯ ಹಿತ್ತಾಳೆ ಚಕ್ಕುಲಿ ಒರಳು.

"ಅಮ್ಮಾ, ಅದನ್ನ ನೀನು ಮೈಸೂರಿಂದ ತಂದಿದ್ದು ನಿಜಾನಾ?" ಅಂತ ಕೇಳಿದಳು ಹಂಸಿನಿಯ ಅಮ್ಮ ನಂದಿತಾ. "ನಾನಂತೂ ನೋಡಿದ ನೆನಪಿಲ್ಲ."

"ಹಳೇ ಸೀರೇಲಿ ಸುತ್ತಿ ಸೂಟ್‌ಕೇಸಲ್ಲಿ ಹಾಕಿದ್ದೆ. ಇಲ್ಲಿ ಬಂದು ಈ ಕೈಯಲ್ಲೇ ಬಿಚ್ಚಿದೆ." ಅಜ್ಜಿ ತಮ್ಮ ಕೈಯನ್ನೇ ನೋಡಿಕೊಂಡರು. "ಬಿಚ್ಚಿದೆ ಅಲ್ವಾ?"

ಮೇಜಿನ ಹತ್ತಿರ ಹೋಮ್‌ವರ್ಕ್ ಮಾಡುತ್ತಿದ್ದ ಹಂಸಿನಿ ತಲೆ ಎತ್ತಲಿಲ್ಲ. ಐದನೇ ಗ್ರೇಡಿನ ಲೆಕ್ಕದ ಶೀಟನ್ನು ಅಷ್ಟು ಪ್ರೀತಿಯಿಂದ ಅವಳು ಯಾವತ್ತೂ ನೋಡಿರಲಿಲ್ಲ.

ಒರಳು ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಅದು ಬೇಸ್‌ಮೆಂಟಿನಲ್ಲಿ, ಹಳೇ ಪೇಪರಿನ ಮೇಲೆ, ಬೆಳ್ಳಿ ಬಣ್ಣ ಬಳಿಸಿಕೊಂಡು ಒಣಗುತ್ತಿತ್ತು.

ಬರುವ ಶನಿವಾರ ತಮ್ಮ ಊರು ಓಲ್ಡ್ ಬ್ರಿಡ್ಜಿನ ಲೈಬ್ರರಿಯಲ್ಲಿ ಕಾಸ್ಟ್ಯೂಮ್ ಕಾಂಟೆಸ್ಟ್. ಹಂಸಿನಿ ಸ್ಪೇಸ್‌ಶಿಪ್ಪಿನ ಕ್ಯಾಪ್ಟನ್. ಕ್ಯಾಪ್ಟನ್ ಅಂದಮೇಲೆ ಕೈಯಲ್ಲಿ ಗನ್ ಬೇಡವೇ? ಅಂಗಡಿಯದ್ದು ಎಲ್ಲರ ಹತ್ತಿರವೂ ಇರುತ್ತದೆ. ಮನೆಯಲ್ಲಿರುವ ಸಾಮಾನಿನಿಂದಲೇ ಮಾಡಿ ಅಂತ ವಿಡಿಯೋದಲ್ಲಿ ಒಬ್ಬರು ಹೇಳಿದ್ದರು. ಕೆಟ್ಟುಹೋದ ಹೇರ್ ಡ್ರೈಯರ್ ಹಿಡಿಯಾಯಿತು. ಶಾಂಪೂ ಬಾಟಲಿಗಳ ಮುಚ್ಚಳಗಳು ಗುಂಡಿಗಳಾದವು. ಬ್ಯಾರಲ್ ಮಾತ್ರ ಸಿಗಲಿಲ್ಲ.

ಆಗ ಕಣ್ಣಿಗೆ ಬಿತ್ತು ಒರಳು. ದುಂಡಗೆ, ಭಾರವಾಗಿ, ತುದಿಯ ಬಿಲ್ಲೆಯಲ್ಲಿ ನಕ್ಷತ್ರದ ತೂತು! ಲೇಸರ್ ಬರುವುದಿದ್ದರೆ ಇಂಥ ತೂತಿನಿಂದಲೇ ಬರಬೇಕು. ಕಾಂಟೆಸ್ಟ್ ಮುಗಿದ ಮೇಲೆ ತೊಳೆದು ವಾಪಸ್ ಇಟ್ಟರಾಯಿತು ಅಂದುಕೊಂಡಳು. ಆದರೆ ಟೇಪ್ ನಿಲ್ಲಲಿಲ್ಲ. ಅಪ್ಪನ ಗ್ಯಾರೇಜಿನ ಅಂಟು ಹಾಕಿದಳು. ಅದು ಗಟ್ಟಿಯಾದಮೇಲೆ ಎಳೆದರೂ ಬರಲಿಲ್ಲ, ತಿರುಚಿದರೂ ಬರಲಿಲ್ಲ.

ಈಗಲೇ ಹೇಳಿಬಿಡಬೇಕು ಅಂತ ಹಂಸಿನಿ ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಒಲೆ ಆರಿಸಿ, "ಹೋಗ್ಲಿ ಬಿಡಮ್ಮ. ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ," ಅಂದಳು. ಹಂಸಿನಿಯ ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಯಿತು.

ಅದೇ ಹಿಟ್ಟಿನಲ್ಲಿ ಅಜ್ಜಿ ನಿಪ್ಪಟ್ಟು ತಟ್ಟಿದರು. ಹಂಸಿನಿ ಒಂದನ್ನೂ ತಿನ್ನಲಿಲ್ಲ.

ಮರುದಿನ ಫ್ರಿಜ್ಜಿನ ಮೇಲೆ ಹಳದಿ ಚೀಟಿಗಳು ಅಂಟಿಕೊಂಡವು. ಗ್ಯಾಸ್. ಮಾತ್ರೆ. ಹಿಂದಿನ ಬಾಗಿಲು. ಎಲ್ಲ ಅಜ್ಜಿಯ ದುಂಡು ಅಕ್ಷರ.

"ಹಂಸೀ, ಗ್ಯಾಸ್ ಆಫ್ ಮಾಡಿದೀನಾ ನೋಡೇ."

"ಮಾಡಿದೀಯ ಅಜ್ಜಿ."

"ಸರಿಯಾಗಿ ನೋಡಿದ್ಯಾ?"

ಅಜ್ಜಿ ಮೈಸೂರಿಗೆ ಫೋನ್ ಮಾಡಿ, ಪಕ್ಕದ ಮನೆಯ ಈಶಣ್ಣನಿಂದ ಅಟ್ಟದ ಮೇಲೂ ಹುಡುಕಿಸಿದರು. "ಇಲ್ಲಿಲ್ಲ ಪದ್ಮಜಮ್ಮ," ಅಂದರಂತೆ ಅವರು. "ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಏನೋ ಅರಳುಮರಳು ಶುರುವಾಗಿದೆ ನಂಗೆ," ಅಂತ ಅಜ್ಜಿ ನಕ್ಕರು. ಆ ನಗು ಹಂಸಿನಿಗೆ ಸಹಿಸಲಾಗಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶನಿವಾರ ಲೈಬ್ರರಿಯಲ್ಲಿ ಎಲ್ಲರ ಕಣ್ಣೂ ಗನ್ನಿನ ಮೇಲೆ. ಆಟಿಕೆ ಅಂತ ಗೊತ್ತಾಗಲು ತುದಿಗೆ ಕಿತ್ತಳೆ ಬಣ್ಣ ಹಚ್ಚಿರಬೇಕು ಅನ್ನುವುದು ಅಲ್ಲಿನ ರೂಲ್. ಅದನ್ನೂ ಹಚ್ಚಿದ್ದಳು.

"ವಾವ್, ಇಟ್ಸ್ ಸೋ ಹೆವಿ!" ಅಂದಳು ಗೆಳತಿ ಆನ್ಯಾ. "ವಾಟ್ಸ್ ದ ಬ್ಯಾರಲ್?"

"ಜಸ್ಟ್ ಸಮ್ ಪೈಪ್," ಅಂದಳು ಹಂಸಿನಿ.

ಎರಡನೇ ಬಹುಮಾನ ಬಂತು. ಕುರ್ಚಿಗಳ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅಜ್ಜಿ. ಅವರು ಹತ್ತಿರ ಬರುವ ಮೊದಲೇ ಹಂಸಿನಿ ಗನ್ನನ್ನು ಬ್ಯಾಗಿಗೆ ತುರುಕಿದಳು. ಬಹುಮಾನದ ರಿಬ್ಬನ್ ಯಾರಿಗೂ ಕಾಣದ ಹಾಗೆ ಜೇಬಿನಲ್ಲಿಟ್ಟುಕೊಂಡಳು.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಅಪ್ಪನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನೆಕ್ಸ್ಟ್ ಸ್ಯಾಟರ್ಡೇ. ಈಸ್ಟ್ ಬ್ರನ್ಸ್‌ವಿಕ್. ಡಾಕ್ಟರ್ ತಾಜುದ್ದೀನ್. ಮೆಮೊರಿ ಟೆಸ್ಟ್. ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದರು. ಅವರಿಗೆ ಅರ್ಥವಾಗಿತ್ತು ಅಂತ ಹಂಸಿನಿಗೆ ಗೊತ್ತಾಯಿತು.

ಆ ಶನಿವಾರವೂ ಬಂದೇಬಿಟ್ಟಿತು. ಮದುವೆಗೆ ಹೊರಟವರ ಹಾಗೆ ಅಜ್ಜಿ ರೇಷ್ಮೆ ಸೀರೆ ಉಟ್ಟು, ಒಂದು ಗಂಟೆ ಮುಂಚೆಯೇ ಸೋಫಾದ ಮೇಲೆ ಕೂತಿದ್ದರು.

"ಬಾರೇ ಇಲ್ಲಿ. ಡಾಕ್ಟರ್ ಕೇಳೋ ಹಾಗೆ ಏನಾದ್ರೂ ಕೇಳು. ನಾನು ಪ್ರಾಕ್ಟೀಸ್ ಮಾಡ್ಕೋತೀನಿ."

"ಇವತ್ತು ಯಾವ ವಾರ?"

"ಶನಿವಾರ."

"ನೂರರಿಂದ ಏಳೇಳು ಕಳೀತಾ ಹೋಗು."

"ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು..." ಅಜ್ಜಿ ಹಂಸಿನಿಗಿಂತ ಬೇಗ ಲೆಕ್ಕ ಮಾಡುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿದರು. "ಅದು ಸರಿ, ಒರಳು ಎಲ್ಲಿಟ್ಟಿದ್ರಿ ಅಂತ ಕೇಳಿದ್ರೆ ಏನು ಹೇಳ್ಲೇ?"



ಹಂಸಿನಿ ಎದ್ದು ಬೇಸ್‌ಮೆಂಟಿಗೆ ಓಡಿದಳು. ಎರಡೂ ಕೈಯಲ್ಲಿ ಗನ್ ಹಿಡಿದುಕೊಂಡು ಮೇಲೆ ಬಂದಳು.

"ಅಜ್ಜಿ, ಇದೇ ಅದು. ಐ ಟುಕ್ ಇಟ್. ನಾನೇ ತಗೊಂಡಿದ್ದು. ಅಂಟು ಹಾಕ್ಬಿಟ್ಟಿದೀನಿ, ಬಿಡಿಸೋಕೆ ಬರ್ತಿಲ್ಲ." ಮುಂದಿನ ಮಾತೆಲ್ಲ ಅಳುವಿನಲ್ಲಿ ಕಲಸಿಹೋಯಿತು.

ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ನಕ್ಷತ್ರದ ತೂತಿನ ಮೇಲೆ ಬೆರಳಾಡಿಸಿದರು.

"ಎಲ್ಲಿತ್ತು ಇದು?"

"ಶೆಲ್ಫಲ್ಲಿ."

"ಕೆಳಗಿನ ಶೆಲ್ಫಲ್ಲಾ?"

"ಹೂಂ ಅಜ್ಜಿ. ನೀನು ಹೇಳಿದ ಜಾಗದಲ್ಲೇ."

ಬೈಗುಳ ಈಗ ಬರುತ್ತದೆ ಅಂತ ಹಂಸಿನಿ ತಲೆ ತಗ್ಗಿಸಿ ಕಾದಳು. ಬೈದರೆ ಸಾಕು ಅನ್ನಿಸಿತ್ತು ಅವಳಿಗೆ. ಅಜ್ಜಿ ಬೈಯಲಿಲ್ಲ. ಒರಳು ಹಾಳಾಯಿತು ಅಂತಲೂ ಅನ್ನಲಿಲ್ಲ.

"ಹಾಗಾದ್ರೆ ನಾನು ಮರೆತಿರ್ಲಿಲ್ಲ," ಅಂದರು ಮೆಲ್ಲಗೆ. ಮತ್ತೆ ಕೇಳಿದರು, "ಮರೆತಿರ್ಲಿಲ್ಲ ಅಲ್ವೇನೇ?"

"ಇಲ್ಲ ಅಜ್ಜಿ."

ಅಜ್ಜಿಯ ಕಣ್ಣು ತುಂಬಿ ಬಂತು. ಈ ಎರಡು ವಾರ ಅಜ್ಜಿ ಎಷ್ಟು ಹೆದರಿದ್ದರು ಅಂತ ಹಂಸಿನಿಗೆ ಆಗ ಕಂಡಿತು.

ಮೆಟ್ಟಿಲ ಮೇಲೆ ಕಾರಿನ ಕೀ ಸದ್ದಾಯಿತು. "ಅಮ್ಮಾ, ರೆಡಿನಾ? ಹೊರಡೋಣ," ಅನ್ನುತ್ತಾ ಅಮ್ಮ ಇಳಿದು ಬಂದಳು.

ಅಜ್ಜಿ ಸರಕ್ಕನೆ ಗನ್ನನ್ನು ಮಡಿಲಲ್ಲಿಟ್ಟುಕೊಂಡು ಮೇಲೆ ಸೆರಗು ಹೊದಿಸಿದರು. "ಹೂಂ, ನಾನು ರೆಡಿ ಕಣೇ," ಅಂದರು. ಏನೂ ಆಗದವರ ಹಾಗೆ.

ಹಂಸಿನಿ ಅಜ್ಜಿಯ ಮುಖ ನೋಡಿದಳು. ಆಮೇಲೆ ಕೈ ಚಾಚಿ ಆ ಸೆರಗನ್ನು ಸರಿಸಿದಳು.

"ಅಮ್ಮಾ," ಅಂದಳು. "ಅಜ್ಜಿ ಏನೂ ಮರೆತಿಲ್ಲ."