ಲಟಿಕೆ ಮುರಿದ ತಿಪ್ಪವ್ವ

ನಿಮ್ಮಜ್ಜಿಯ ಅಜ್ಜಿ ತೊಟ್ಟಿಲಲ್ಲಿದ್ದಾಗಲೇ ಹಳೆಯದಾಗಿದ್ದ ಕತೆ ಇದು. ಅಬ್ಬಿನಾಡು ಎಂಬ ರಾಜ್ಯದಲ್ಲಿ ಒಂದು ದೊಡ್ಡ ಜಲಪಾತ. ಅದರ ಬುಡದಲ್ಲಿ ಅರಮನೆಯ ಬಟ್ಟೆ ಒಗೆಯುವವಳು ತಿಪ್ಪವ್ವ. ಅವಳಿಗೊಬ್ಬನೇ ಮಗ, ಮಾಚ. ನೀರಿನ ಅಬ್ಬರಕ್ಕೆ ಪಕ್ಕದಲ್ಲಿ ನಿಂತವರ ಮಾತೂ ಕೇಳದು. ಹಾಗಾಗಿ ಅಲ್ಲಿ ಎಲ್ಲ ಕೈಮಾತೇ. ಬೆರಳು ಕೂಡಿಸಿ ಬಾಯಿಗೆ ತಂದರೆ ಉಣ್ಣಲು ಬಾ ಎಂದು, ಮುಷ್ಟಿ ತಿರುವಿದರೆ ಸೋಮಾರಿ, ಬಟ್ಟೆ ಹಿಂಡು ಎಂದು. ಸಂಜೆ ಕೆಲಸ ಮುಗಿದ ಮೇಲೆ ತಿಪ್ಪವ್ವ ಮಗನ ಕೆನ್ನೆ ಸವರಿ, ತನ್ನ ಹಣೆಯ ಪಕ್ಕದ ಕಣತಲೆಗೆ ಬೆರಳೊತ್ತಿ ಲಟಲಟ ಲಟಿಕೆ ಮುರಿದು ದೃಷ್ಟಿ ತೆಗೆಯುವಳು. ಮೀಸೆ ಬಂದ ಮಗ, ನಾಚುತ್ತಲೇ ಹಣೆ ಮುಂದೆ ಚಾಚಿ ನಿಲ್ಲುವನು.

ಒಂದು ದಿನ ರಾಣಿಯ ಸೀರೆ ಗಾಳಿಗೆ ಹಾರಿ ಮಾಂತ್ರಿಕ ಕರಾಳಜಟಿಯ ಕೋಟೆಯೊಳಗೆ ಬಿತ್ತು. ಮಾಚ ತರಲು ಹೋದ. ಆ ಕೋಟೆಯಲ್ಲಿ ಮಾತಾಡಿದ ಮನುಷ್ಯರೆಲ್ಲ ಗೊರವಂಕ ಹಕ್ಕಿಗಳಾಗಿ ಪಂಜರ ಸೇರುತ್ತಿದ್ದರು. ಜಲಪಾತದ ಮಂದಿಗೋ, ಬಾಯಿ ತೆರೆದರೆ ಕೂಗುವುದೊಂದೇ ಗೊತ್ತು. "ಯಾರ್ರೀ ಒಳಗೆ?" ಎಂದು ಕೂಗಿದ. ಅಷ್ಟೇ, ರೆಕ್ಕೆ ಬಂತು.

ಹೊರಗಿನಿಂದ ಅದನ್ನು ಕಂಡ ದನಗಾಹಿ ಓಡಿಬಂದು ತಿಪ್ಪವ್ವನಿಗೆ ಹೇಳಿದ. "ಅಲ್ಲಿ ಮಾತಾಡಿದೋರು ಹಕ್ಕಿಯಾಗ್ತಾರೆ, ನೀನು ಮಾತ್ರ ಹೋಗಬ್ಯಾಡವ್ವ!"

"ಹೋಗದೆ ಇರಲು ಹೆತ್ತ ಹೊಟ್ಟೆ ಕೇಳುತ್ತದೇನಪ್ಪ?" ಎಂದು ತಿಪ್ಪವ್ವ ಹೊರಟೇಬಿಟ್ಟಳು.

ಮೊದಲ ಬಾಗಿಲಲ್ಲಿ ಹೆಣ್ಣುಹುಲಿ. "ಯಾರು ನೀನು?" ಎಂದು ಗುರುಗುಟ್ಟಿತು. ತಿಪ್ಪವ್ವ ತೋಳುಗಳನ್ನು ಕೂಡಿಸಿ ಮಗು ತೂಗಿದಂತೆ ತೂಗಿದಳು. ಅದೂ ಮರಿ ಸಾಕಿದ ಜೀವವೇ, ಪಕ್ಕಕ್ಕೆ ಸರಿಯಿತು.

ಎರಡನೇ ಬಾಗಿಲಲ್ಲಿ ಏಳು ಹೆಡೆಯ ಹಾವು. "ಏನು ಬೇಕು?" ಎಂದು ಬುಸುಗುಟ್ಟಿತು. ತಿಪ್ಪವ್ವ ಅಂಗೈಯನ್ನು ಮೊಣಕಾಲ ಹತ್ತಿರ ಹಿಡಿದಳು, ಸೊಂಟದ ಹತ್ತಿರ ಹಿಡಿದಳು, ಆಮೇಲೆ ತಲೆಗಿಂತ ಮೇಲೆ ಹಿಡಿದಳು.

"ಇಷ್ಟೆತ್ತರ ಬೆಳೆಸಿದ ಮಗನೇ?" ಎಂದು ಹಾವು ಏಳೂ ಹೆಡೆ ತಗ್ಗಿಸಿತು.

ಮೂರನೇ ಬಾಗಿಲಲ್ಲಿ ಕರಾಳಜಟಿಯೇ ನಿಂತಿದ್ದ. ಹಿಂದಿನ ಪಂಜರದಲ್ಲಿ ನೂರು ಹಕ್ಕಿ, ಎಲ್ಲ ಒಂದೇ ಅಚ್ಚು. "ಇದರಲ್ಲಿ ನಿನ್ನ ಮಗ ಯಾವುದು, ತೋರಿಸು. ಸರಿಯಾದರೆ ನನ್ನ ಮಾಟವೇ ಮುರಿಯುತ್ತದೆ. ತಪ್ಪಿದರೆ ನೀನೂ ಹಕ್ಕಿ!"

ತಿಪ್ಪವ್ವ ಮಾಚಾ ಎಂದು ಕರೆಯಲು ಹೊರಟ ತುಟಿಯನ್ನು ಕಚ್ಚಿ ಹಿಡಿದಳು. ಬೆರಳು ಕೂಡಿಸಿ ಬಾಯಿಗೆ ತಂದಳು. ಅಯ್ಯೋ ಶಿವನೇ, ಹಸಿದ ನೂರು ಹಕ್ಕಿಗಳೂ ಎದ್ದುಬಂದವು!

ಆಗ ಗಾಳಿಯಲ್ಲೇ ಕೆನ್ನೆ ಸವರಿ, ಕಣತಲೆಗೆ ಬೆರಳೊತ್ತಿದಳು. ಲಟಲಟ! ತೊಂಬತ್ತೊಂಬತ್ತು ಹಕ್ಕಿಗಳು ಬೆದರಿ ಹಿಂದೆ ಹಾರಿದವು. ಒಂದೇ ಒಂದು, ನಾಚುತ್ತ ನಾಚುತ್ತ, ಹಣೆಯನ್ನು ಕಂಬಿಗೆ ಒತ್ತಿ ನಿಂತಿತು. ತಿಪ್ಪವ್ವ ಅಳುತ್ತ ಅದರತ್ತ ಬೆರಳು ಮಾಡಿದಳು.

ಪಂಜರ ಮುರಿದುಬಿತ್ತು, ನೂರು ಜನ ಎದ್ದು ನಿಂತರು. ಮಾಚ ಓಡಿಬಂದು ಅವ್ವನನ್ನು ತಬ್ಬಿಕೊಂಡ. ಮಾಟ ಕಳೆದುಕೊಂಡ ಕರಾಳಜಟಿ ಬರೀ ನರಪೇತಲ ಮುದುಕನಾಗಿ ಕುಸಿದು ಕೂತ.

"ತಾಯೀ, ನನಗೆ ಯಾರೂ ಹಾಗೆ ದೃಷ್ಟಿ ತೆಗೆದಿಲ್ಲ. ಒಂದೇ ಒಂದು ಸಲ..." ಎಂದ.

ತಿಪ್ಪವ್ವನಿಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಅವನ ಕೆನ್ನೆ ಸವರಿ ಬೆರಳೊತ್ತಿದಳು. ಸದ್ದೇ ಇಲ್ಲ! ಈಗಷ್ಟೇ ಮುರಿದ ಬೆರಳು ಮತ್ತೆ ಲಟಕ್ಕೆನ್ನುವುದುಂಟೇ?

"ನಾಳೆ ಬಟ್ಟೆ ಒಗೆಯಲು ಬಾ. ದುಡಿ. ಸಂಜೆ ಮುರಿಯುತ್ತೇನೆ" ಎಂದಳು.

ನೂರು ಮನೆಗಳಲ್ಲಿ ದೀಪ ಹತ್ತಿತು, ರಾಣಿಗೆ ಸೀರೆಯೂ ಸಿಕ್ಕಿತು, ಅಬ್ಬಿನಾಡು ನೆಮ್ಮದಿಯಿಂದ ಬಾಳಿತು. ಮರುದಿನ ಸಂಜೆ ಜಲಪಾತದ ಬುಡದಲ್ಲಿ, ತಿಪ್ಪವ್ವನ ಮುಂದೆ, ಇಬ್ಬರು ಹಣೆ ಚಾಚಿ ನಿಂತಿದ್ದರು.