ಒಂದು ಗಂಟೆ ಹತ್ತರ ಬೆಳಕು

"ಏಳು ದಿನವೂ ಹತ್ತು ನಿಮಿಷ ಬಿಟ್ರೆ ಒಂಬತ್ತರಿಂದ ಸಂಜೆವರೆಗೂ ಕತ್ತಲು! ಮೀಟರನ್ನ ಡ್ರಾಯರ್‌ಗೆ ಹಾಕಿ ನಮ್ಮ ಕಿವಿಗೆ ಹೂ ಇಡ್ತಿದ್ದೀರಾ?"

ಇಡೀ ಲ್ಯಾಬ್ ತಿರುಗಿ ನೋಡಿತು. ಅವಳು ದಂಗಾಗಿ ನಿಂತಳು.

ಆಸ್ಪತ್ರೆಯ ಹಳೆಯ ಫೈಲುಗಳನ್ನು ನೋಡಿಕೊಳ್ಳುವವಳು ಅವಳು. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆಯಿಲ್ಲ. ದಿನಕ್ಕೆ ಯಾರಿಗೆ ಎಷ್ಟು ಬೆಳಕು ಸಿಗುತ್ತದೆ, ಅದರಿಂದ ನಿದ್ದೆ ಹೇಗೆ ಕೆಡುತ್ತದೆ ಎಂದು ಅಳೆಯುವ ಈ ಅಧ್ಯಯನಕ್ಕೆ ಆಸೆಯಿಂದ ಸೇರಿದ್ದಳು. ಎದೆಗೆ ಸಿಕ್ಕಿಸಿದ, ಗುಂಡಿಯಷ್ಟು ಪುಟ್ಟ ಮೀಟರನ್ನು ಮಲಗುವವರೆಗೂ ತೆಗೆದಿರಲಿಲ್ಲ.

ಬೈದವನು ಬೇರೆ ಯಾರಾದರೂ ಆಗಿದ್ದರೆ ಸಹಿಸುತ್ತಿದ್ದಳೇನೋ... ಇವನು!

"ಪಟ್ಟಿಯಿಂದ ನಿಮ್ಮ ಹೆಸರು ತೆಗೀತಿದೀನಿ," ಎಂದ, ಅಧ್ಯಯನ ನಡೆಸುತ್ತಿದ್ದ ಆ ಸಂಶೋಧಕ.

"ತೆಗೀರಿ. ಅದಕ್ಕೂ ಮುಂಚೆ ನನ್ನ ಜೊತೆ ಕೆಳಗೆ ಬನ್ನಿ!"

ನೆಲಮಾಳಿಗೆಯ ಬಾಗಿಲು ತೆರೆದಳು. ಸೂರು ಮುಟ್ಟುವ ಕಪಾಟುಗಳು. ಒಂದೂ ಕಿಟಕಿಯಿಲ್ಲ. ನಾಲ್ಕು ಟ್ಯೂಬ್‌ಲೈಟುಗಳಲ್ಲಿ ಮೂರು ಕೆಟ್ಟಿದ್ದವು.

ಅವನು ಮೀಟರೊಂದನ್ನು ಅವಳ ಮೇಜಿನ ಮೇಲೆ ಹಿಡಿದು ಫೋನಿನಲ್ಲಿ ಅದರ ಅಳತೆ ನೋಡಿದ. ಮುಖ ಬಿಳಿಚಿಕೊಂಡಿತು.

"ಇಲ್ಲಿ... ಎಷ್ಟು ದಿನದಿಂದ?"

"ಎರಡು ವರ್ಷ."

"ಅಯ್ಯೋ!" ಅವನು ಮೀಟರನ್ನು ಮೇಜಿನ ಮೇಲಿಟ್ಟ. "ನಿಮ್ಮ ಹೆಸರು ಎಲ್ಲೂ ಹೋಗಲ್ಲ. ನಾನೇ ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ. ನಿಮ್ಮಿಂದ ಮೋಸ ಅಂದ್ಕೊಂಡಾಗ... ತಡ್ಕೊಳ್ಳೋಕೆ ಆಗ್ಲಿಲ್ಲ."

ನನ್ನಿಂದ ಅಂದರೆ? ಅವಳ ಎದೆ ಝಲ್ಲೆಂದಿತು.

"ಆದ್ರೆ ದಿನಾ ಒಂದು ಹತ್ತಕ್ಕೆ ಹತ್ತು ನಿಮಿಷ ಇಷ್ಟೊಂದು ಬೆಳಕು!" ಅವನು ಫೋನಿನಲ್ಲಿ ಗೆರೆ ತೋರಿಸಿದ. "ನನ್ನ ಹತ್ರ ಬರುವಾಗ ಮಾತ್ರ ಡ್ರಾಯರ್‌ನಿಂದ ತೆಗೆದು ಹಾಕ್ಕೊಳ್ತೀರಿ ಅಂದ್ಕೊಂಡೆ. ಅದು ನನ್ನ ಕಿಟಕಿ ಹತ್ರದ್ದೇ ಅಲ್ವಾ?"

"ಹೂಂ, ನಿಮ್ಮ ಕಿಟಕಿ ಹತ್ರ... ನೀವು ಕೇಳಿದ ಫೈಲ್ ಕೊಡೋಕೆ."

"ಫೈಲ್ ಮೇಲೆ ಕಳಿಸೋಕೆ ಸಣ್ಣ ಲಿಫ್ಟ್ ಇದೆಯಲ್ಲ?"

"ಇದೆ..." ಅವಳು ತಲೆ ತಗ್ಗಿಸಿದಳು. ಗುಟ್ಟು ರಟ್ಟಾಗಿತ್ತು!

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಏಳು ದಿನವೂ ನಾನು ಕೇಳಿದ್ದು ಒಂದೇ ಫೈಲ್. ಗಮನಿಸಲಿಲ್ವಾ?"

"ಗಮನಿಸದೆ ಇರ್ತೀನಾ? ಪಾಪ, ಮರೆವಿನ ಕಾಯಿಲೆ ಅಂದ್ಕೊಂಡಿದ್ದೆ!"

"ಮರೆವಲ್ಲ ಕಣ್ರೀ. ಫೈಲ್ ಕೇಳಿದ್ರೆ ನೀವು ಬರ್ತೀರಲ್ಲ... ಅದಕ್ಕೆ."

ಅವಳ ಕೈಯಿಂದ ಬೀಗದ ಕೈ ಜಾರಿ ಬಿತ್ತು. ಸಿಟ್ಟು ಮಾಡಬೇಕೆಂದುಕೊಂಡಳು, ಕಣ್ಣು ತುಂಬಿಬಂತು.

"ಎಲ್ಲರೆದುರು ಬೈದ್ರಿ. ಎಲ್ಲರೆದುರೇ ಹೇಳಿ."

"ಏನಂತ? ತಪ್ಪಾಯ್ತು ಅಂತಾನಾ... ಇದನ್ನಾ?"

"ತಪ್ಪಾಯ್ತು ಅನ್ನೋದು ಎಲ್ಲರೆದುರು. ಇದು... ಒಂದು ಹತ್ತಕ್ಕೆ, ಕಿಟಕಿ ಹತ್ರ."

"ಫೈಲ್ ತರ್ತೀರಾ?"

"ಇಲ್ಲ," ಎಂದು ಅವಳು ನಕ್ಕಳು. "ಇವತ್ತು ಬರೀ ನಾನೇ ಬರ್ತೀನಿ."