ಕಿಟಕಿಯ ಮೇಲಿನ ಕೆಂಪು ನೀರು

ಊಟ ಮುಗಿಸಿ ತನ್ನ ಕುಚ್ಚಿನ ಅಂಗಡಿಗೆ ಬಂದ ಹಂಸ ಸೀರೆ ಬಿಡಿಸಿ ನೋಡಿದರೆ ಸೆರಗಿನಲ್ಲಿ ಒಂದೇ ಒಂದು ಕುಚ್ಚು ಇರಲಿಲ್ಲ. ಬೆಳಗ್ಗೆಯಷ್ಟೇ ಮುಗಿಸಿಟ್ಟ ಕೆಲಸ. ಹಾಸನದ ಮದುಮಗಳೊಬ್ಬಳ ಧಾರೆ ಸೀರೆ, ಕೆನೆಬಣ್ಣದ ರೇಷ್ಮೆಗೆ ಕೆಂಪು ಕುಚ್ಚು. ನಾಲ್ಕು ಗಂಟೆಗೆ ಸೀರೆ ಒಯ್ಯಲು ಅವಳ ತಾಯಿ ಹೊಳೆನರಸೀಪುರಕ್ಕೆ ಬರುವವರಿದ್ದರು. ಈ ವರ್ಷ ಆಗಲೇ ಎರಡು ಸೀರೆ ಕೆಟ್ಟು ಅಂಗಡಿಯ ಹೆಸರು ಹೋಗಿತ್ತು. ಇನ್ನೊಂದು ತಪ್ಪಾದರೆ ಕೆಲಸಕ್ಕೆ ಬರುವುದೇ ಬೇಡವೆಂದು ಹಂಸ ಹೋದ ತಿಂಗಳು ಇಬ್ಬರು ಕೆಲಸದವರಿಗೂ ಹೇಳಿದ್ದಳು.

ಮಹಡಿಯ ಮೇಲಿದ್ದ ಅತ್ತೆ ಕನಕಲಕ್ಷ್ಮಿಯನ್ನು ಹಂಸ ಕೆಳಗೆ ಕರೆದಳು. ಅವರು ನಿವೃತ್ತ ವಿಜ್ಞಾನ ಶಿಕ್ಷಕಿ. ಬೀದಿಯಲ್ಲಿ ಏನು ಕಳೆದರೂ ಜನ ಪೊಲೀಸ್ ಸ್ಟೇಷನ್ನಿಗಿಂತ ಮೊದಲು ಅವರ ಮೆಟ್ಟಿಲು ಹತ್ತುತ್ತಿದ್ದರು.

ಹಂಸಳ ತೀರ್ಮಾನ ಆಗಲೇ ಮುಗಿದಿತ್ತು. ಕ್ರೋಶಾ ಕಡ್ಡಿಯಿಂದ ಕುಚ್ಚು ಹೆಣೆಯುವ ದೀಪಶ್ರೀ ಬರುವ ತಿಂಗಳು ಚನ್ನರಾಯಪಟ್ಟಣದಲ್ಲಿ ಸ್ವಂತ ಅಂಗಡಿ ಇಡುವವಳಿದ್ದಳು. ಗಿರಾಕಿ ಸೆಳೆಯಲು ಇದು ಅವಳದೇ ಕೆಲಸ ಎಂದು ಮುಖದ ಮೇಲೇ ಅಂದುಬಿಟ್ಟಳು. ಬೆರಳಲ್ಲೇ ಗಂಟು ಹಾಕುವ ಹಳೇಕೋಟೆಯ ಚಿಕ್ಕಲಕ್ಷ್ಮಮ್ಮ ಬಲಗೈಗೆ ತನ್ನ ಸೆರಗು ಸುತ್ತಿಕೊಂಡು, ಇದು ಇಲಿ ಕಾಟವೇ ಎಂದು ಗೊಣಗುತ್ತಿದ್ದಳು.

ಅತ್ತೆಗೆ ಅವಸರವೇ ಇಲ್ಲ. ಸೆರಗನ್ನು ಬೆಳಕಿಗೆ ಹಿಡಿದರು. ಕಿಟಕಿಯ ಮೇಲಿದ್ದ ಲೋಟದ ಕೆಂಪು ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಹಂಸಳ ತಾಳ್ಮೆ ತಪ್ಪಿತು.

"ಅದು ಪಕ್ಕದ ಮನೆ ಸೀಮಂತದ ಆರತಿ ನೀರಿರಬೇಕು ಅತ್ತೆ. ಸೀರೆ ನೋಡಿ ಅಂದ್ರೆ ನೀರು ಕುಡೀತೀರಲ್ಲ."

"ಆರತಿ ನೀರಿಗೆ ಉಪ್ಪು ಹಾಕೋದು ಯಾವ ಊರಲ್ಲಿ?" ಎಂದರು ಅತ್ತೆ. ಮೂವರನ್ನೂ ಚಾಪೆಯ ಮೇಲೆ ಕೂರಿಸಿದರು.

"ಇಲಿ ಕಡಿದಿದ್ರೆ ಎಳೆ ಹರಿದಿರುತ್ತೆ. ಇದು ಕತ್ತರಿ. ಕೇಡು ಬಯಸಿದವರು ಕತ್ತರಿಸಿ ಎದ್ದುಹೋಗ್ತಾರೆ. ಇವರು ನೇಯ್ಗೆ ಜಾರದ ಹಾಗೆ ಸೆರಗಿನ ಎಳೆಗಳನ್ನ ಮತ್ತೆ ಸಣ್ಣದಾಗಿ ಗಂಟು ಹಾಕಿದಾರೆ. ಕೈ ತನ್ನ ಅಭ್ಯಾಸ ಬಿಟ್ಟಿಲ್ಲ. ದೀಪಶ್ರೀಗೆ ಕಡ್ಡಿ ಇಲ್ದೆ ಕೆಲಸ ಬರಲ್ಲ. ಇದು ಬೆರಳಿನ ಗಂಟು. ಇನ್ನು ದಾರಾನ ಉಪ್ಪುನೀರಲ್ಲಿ ಅದ್ದಿ ನೋಡೋದು ಬಣ್ಣ ಬಿಡುತ್ತಾ ಅಂತ. ಲೋಟದ ನೀರು ಕೆಂಪಾಗಿದೆ, ಅಂದ್ರೆ ಬಿಟ್ಟಿದೆ. ಚಿಕ್ಕಲಕ್ಷ್ಮಮ್ಮ, ಕೈ ತೋರ್ಸು."

ಸೆರಗಿನಿಂದ ಹೊರಬಂದ ಬೆರಳುಗಳು ಕೆಂಪಾಗಿದ್ದವು.

ಒಳ್ಳೆಯ ದಾರ ಮುಗಿದು, ರಾಮನಾಥಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಕೊಂಡಿದ್ದ ಅಗ್ಗದ ದಾರವನ್ನೇ ಅವಳು ಕಟ್ಟಿದ್ದಳು. ಕೈ ಬೆವರಿಗೆ ಬಣ್ಣ ಇಳಿದಾಗ ಲೋಟದ ಉಪ್ಪುನೀರಲ್ಲಿ ಅದ್ದಿ ನೋಡಿದಳು, ನೀರೆಲ್ಲ ಕೆಂಪಾಯಿತು.

"ಧಾರೆ ಎರೆಯೋವಾಗ ಆಲು ಬಿದ್ದಿದ್ರೆ ಸೀರೆಯೆಲ್ಲ ಕೆಂಪಾಗೋದು ಕಣವ್ವ. ಅದ್ಕೇ ಕತ್ತರ್ಸಿ ಒಲೆಗಾಕ್ದೆ."

"ನನಗೊಂದು ಮಾತು ಹೇಳಬಾರದಿತ್ತಾ?" ಎಂದಳು ಹಂಸ.

"ಎಂಗವ್ವ ಯೋಳ್ಲಿ? ಇನ್ನೊಂದ್ ತಪ್ಪಾದ್ರೆ ಬರ್ಬ್ಯಾಡ ಅಂದಿದ್ರಲ್ಲ."

ಹಂಸ ಗಡಿಯಾರದತ್ತ ತಿರುಗಿದಳು. ಗಂಟೆ ಎರಡು. ಅಂಗಡಿಯಲ್ಲಿ ಕೆಂಪು ದಾರವಿಲ್ಲ.

ದೀಪಶ್ರೀ ತನ್ನ ಚೀಲದಿಂದ ದಾರದ ಲಡಿಯೊಂದನ್ನು ತೆಗೆದು ಚಾಪೆಯ ನಡುವೆ ಇಟ್ಟಳು. ತನ್ನ ಅಂಗಡಿಗೆಂದು ಹಾಸನದಿಂದ ತಂದಿದ್ದ ಕೆಂಪು ರೇಷ್ಮೆ ದಾರ. ಚಿಕ್ಕಲಕ್ಷ್ಮಮ್ಮ ಗಂಟು ಹಾಕಲಿ, ತಾನು ಎಳೆ ಬಾಚಿಕೊಡುತ್ತೇನೆ ಎಂದಳು.

"ತಪ್ಪಾಯ್ತು ದೀಪಾ," ಎಂದು ಹಂಸ ಕೈ ಚಾಚಿದಳು.

ದೀಪಶ್ರೀ ಲಡಿಯನ್ನು ಹಿಂದಕ್ಕೆಳೆದು, ಒಲೆಯ ಬಳಿಯಿದ್ದ ಉಪ್ಪಿನ ಡಬ್ಬಿಯನ್ನು ತಂದು ಅವಳತ್ತ ತಳ್ಳಿದಳು.

"ಮೊದ್ಲು ನೀರಲ್ಲಿ ಅದ್ದಿ ನೋಡಿ ಅಕ್ಕ. ಆಮೇಲೆ ನಂಬಿ."